ನುಗ್ಗೆಮರದ ಬುಡದ ತಾಮ್ರದ ಕಂಬಿ

ಸುಬ್ರಹ್ಮಣ್ಯಪುರ
ಮೇ ೨೦೦೬

ಪ್ರೀತಿಯ ನಾರಾಯಣಮ್ಮನವರಿಗೆ,

ನಿಮ್ಮ ಬಿಳೇಕಹಳ್ಳಿ ಮನೆಯ ಮಹಡಿಯಲ್ಲಿ ಮೂರು ವರ್ಷ ಬಾಡಿಗೆಗಿದ್ದ ಕೊಪ್ಪಳದ ರಾಜಶ್ರೀಯ ನಮಸ್ಕಾರಗಳು.

ಈ ಕಾಗದ ಬರೆಯಲು ಕೂತಿದ್ದು ಇದು ನಾಲ್ಕನೆಯ ಸಲ. ಎರಡು ಸಾಲು ಬರೆಯುತ್ತೇನೆ, ಏಳುತ್ತೇನೆ, ಕಿಟಕಿಯಲ್ಲಿ ಮೋಡ ನೋಡುತ್ತೇನೆ, ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅಡುಗೆಮನೆಗೆ ಹೋಗಿಬರುತ್ತೇನೆ. ಬಂದು ಓದಿದರೆ ಬರೆದದ್ದು ಸುಳ್ಳಿನ ಹಾಗೆ ಕಾಣುತ್ತದೆ. ಹರಿದುಹಾಕುತ್ತೇನೆ. ಕಳೆದ ಭಾನುವಾರ ಬನಶಂಕರಿಯ ಮಾರ್ಕೆಟ್ಟಿನಲ್ಲಿ ನಿಮ್ಮ ಮಗ ಶಿವರಾಮ್ ಸಿಕ್ಕಿದಾಗಿನಿಂದ ನನ್ನ ಅವಸ್ಥೆ ಇದು.

ಕೋಣನಕುಂಟೆಯಲ್ಲಿ ಮನೆ ಕಟ್ಟಿ ಎಲ್ಲರೂ ಅಲ್ಲಿಗೇ ಬಂದಿದ್ದೀರೆಂದು ಹೇಳಿದರು. ಖುಷಿಯಾಯಿತು. ಆಮೇಲೆ ಅವರು ಅಂದರು: "ಗೃಹಪ್ರವೇಶದ ದಿನ ಹಸು ತಂದ್ವಿ ಅಕ್ಕ, ಅಮ್ಮ ಹೊರಗೇ ಬರ್ಲಿಲ್ಲ. ಹಣೆಗೆ ಕುಂಕುಮ ಇಡು ಬಾ ಅಂದ್ರೆ, ಇದು ಹಸು ಕೊಂದ ಕೈ, ನಾನು ಮುಟ್ಟಲ್ಲ ಅಂತ ಹಿಂದಿನ ರೂಮಲ್ಲಿ ಕೂತ್ಬಿಟ್ರು." ನಾನು ತೂಗಿಸಿದ ತರಕಾರಿಯನ್ನು ಅಂಗಡಿಯಲ್ಲೇ ಬಿಟ್ಟು ಮನೆಗೆ ಬಂದೆ.

ನಾರಾಯಣಮ್ಮ, ಆ ಹಸುವನ್ನು ಕೊಂದದ್ದು ನಿಮ್ಮ ಕೈಯಲ್ಲ. ನನ್ನದು. ಇಷ್ಟನ್ನೇ ಬರೆದರೆ ನೀವು ನಂಬುವವರಲ್ಲ, ಪಾಪ ಹುಡುಗಿ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಬಿಡುತ್ತೀರಿ. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

ನನ್ನ ಹ್ಯಾಮ್ ರೇಡಿಯೋ ಹುಚ್ಚು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಊರೂರಿನವರ ಜೊತೆ ನಾನು ಮಾತಾಡುತ್ತಿದ್ದರೆ ನೀವು ಮೆಟ್ಟಿಲ ಬುಡದಲ್ಲಿ ನಿಂತು, "ರಾಜೀ, ಆಕಾಶದ್ ಜೊತೆ ಮಾತಾಡಿದ್ದು ಸಾಕು, ಕಾಫಿ ಆರೋಗ್ತೈತೆ ಬಾ" ಎಂದು ಕೂಗುತ್ತಿದ್ದಿರಿ. ತಾರಸಿಯ ಮೇಲೆ ನಾನು ಕಟ್ಟಿದ ಮೊದಲ ಆಂಟೆನಾ ತಂತಿಗೆ ನೀವು ಒದ್ದೆ ಸೀರೆ ಒಣಹಾಕಿದ್ದಿರಿ. ಅವತ್ತು ನನಗೆ ಒಬ್ಬರೂ ಸಿಗದೆ, ರೇಡಿಯೋ ಕೆಟ್ಟಿತೆಂದು ಅದನ್ನು ಬಿಚ್ಚಿ ಕೂತಿದ್ದೆ. ಆಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತೊಂಬತ್ತೆಂಟರ ಹೊತ್ತಿಗೆ ಒಂದು ಆಂಟೆನಾ ಮೂರಾಯಿತು. ಮೂರಕ್ಕೂ ಬೇರೆ ಬೇರೆ ಕೇಬಲ್ ಇಳಿಸಿದರೆ ನಿಮ್ಮ ಗೋಡೆ ಟೆಲಿಫೋನ್ ಕಂಬದ ಹಾಗಾಗುತ್ತಿತ್ತು. ಅದಕ್ಕೆ ತಾರಸಿಯ ಮೇಲೇ ಒಂದು ಸ್ವಿಚ್ಚಿನ ಪೆಟ್ಟಿಗೆ ಇಡುವುದು, ಕೆಳಗೆ ಒಂದೇ ಕೇಬಲ್ ತರುವುದು, ಕೋಣೆಯಲ್ಲಿ ಕೂತು ಗುಂಡಿ ಒತ್ತಿ ಯಾವ ಆಂಟೆನಾ ಬೇಕೋ ಆರಿಸಿಕೊಳ್ಳುವುದು ಎಂದು ಯೋಚನೆಯಾಯಿತು. ಜಯನಗರದ ಏಕಾಂತಯ್ಯನವರು ನನಗೆ ರೇಡಿಯೋ ಕಲಿಸಿದ ಗುರುಗಳು. ಅವರು ಎರಡು ಪೆಟ್ಟಿಗೆ ನನ್ನ ಮುಂದಿಟ್ಟರು. ಒಂದು ವಿದೇಶದ್ದು, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಅವರೇ ಮಾಡಿದ್ದು, ನೋಡಲು ಊಟದ ಡಬ್ಬಿಯ ಹಾಗೆ. ಹೊಳೆಯುವುದರಲ್ಲಿ ಒಂದು ಆಂಟೆನಾ ಬಳಸುವಾಗ ಮಿಕ್ಕವು ಸುಮ್ಮನೆ ನೇತಾಡುತ್ತಿದ್ದವು. ಡಬ್ಬಿಯದರಲ್ಲಿ ಬಳಸದ ಆಂಟೆನಾಗಳು ತಾವಾಗಿ ನೆಲಕ್ಕಿಳಿಯುವ ಅರ್ಥ್ ತಂತಿಗೆ ಸೇರುತ್ತಿದ್ದವು, ಪವರ್ ಆಫ್ ಮಾಡಿದರೆ ಮೂರೂ ಸೇರುತ್ತಿದ್ದವು. ಸಿಡಿಲು ಬಂದರೆ ರೇಡಿಯೋ ಕಡೆ ತಿರುಗದೆ ಸೀದಾ ನೆಲಕ್ಕೆ ಇಳಿಯಬೇಕು, ಅದೇ ಉಪಾಯ. ನಾನು ಡಬ್ಬಿ ಆರಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ನೆಲಕ್ಕೆ ಇಳಿಸಲು ಎಂಟಡಿಯ ತಾಮ್ರದ ಕಂಬಿ ಹೂಳಬೇಕಿತ್ತು. ಬೇಸಿಗೆಯಲ್ಲೂ ಒಣಗದ ಮಣ್ಣು ಬೇಕು, ಒಣ ಮಣ್ಣು ಕರೆಂಟನ್ನು ಎಳೆದುಕೊಳ್ಳುವುದಿಲ್ಲ. ನಿಮ್ಮ ಯಜಮಾನರನ್ನು ಕೇಳಿದೆ. ತಿಮ್ಮರಾಯಪ್ಪನವರಿಗೆ ಹಾರೆ ಕೈಗೆ ಸಿಕ್ಕಿದರೆ ಹಬ್ಬವಲ್ಲವೇ. "ತ್ಯಾವ ತಾನೇ ಬೇಕು? ನುಗ್ಗೆಮರದ ಬುಡದಾಗೆ ಹಾಕವ್ವ. ಬಟ್ಟೆ ಒಗಿಯೋ ನೀರು, ಕೊಟ್ಟಿಗೆ ನೀರು ಎಲ್ಲಾ ಅಲ್ಲೇ ಹರಿಯೋದು. ವರ್ಷಾ ಪೂರ್ತಿ ಒಣಗಾಕಿಲ್ಲ" ಎಂದು ಅವರೇ ಗುಂಡಿ ತೋಡಿದರು. ನೀವು ಸೌದೆ ಒಲೆಯ ಇದ್ದಿಲು ತಂದುಕೊಟ್ಟಿರಿ. ಉಪ್ಪು ಬೆರೆಸಿ ನಾನು ತುಂಬಿದೆ. ಅಳೆದು ನೋಡಿದ ಏಕಾಂತಯ್ಯನವರು ಇಷ್ಟು ಒಳ್ಳೆಯ ಅರ್ಥಿಂಗ್ ತಾವು ನೋಡಿಯೇ ಇಲ್ಲವೆಂದರು. ಹೊರಡುವ ಮುಂಚೆ ಗೇಟಿನ ಹತ್ತಿರ ನಿಂತು ಒಂದು ಮಾತು ಕೇಳಿದರು. "ಕಂಬಿ ಹತ್ರ ಜನ ದನ ನಿಲ್ಲಲ್ಲ ತಾನೇ?" ನಾನು "ಯಾರೂ ಅಡ್ಡಾಡಂಗಿಲ್ರೀ ಸರ್" ಅಂದೆ.

ನಾನು ಹಾಗೆ ಹೇಳುವಾಗ ನಿಮ್ಮ ಹಸು ಮುದ್ದಕ್ಕ ಕೊಟ್ಟಿಗೆಯಲ್ಲಿದ್ದಳು. ಮಧ್ಯಾಹ್ನವಾದರೆ ನೀವು ಅವಳನ್ನು ನುಗ್ಗೆಯ ನೆರಳಿಗೆ ಕಟ್ಟುವುದನ್ನು ನಾನು ದಿನವೂ ಮೆಟ್ಟಿಲಿಂದ ನೋಡುತ್ತಿದ್ದೆ. ಅವಳ ಬಾಲಕ್ಕೆ ತಾಗದಂತೆ ಪಕ್ಕಕ್ಕೆ ಸರಿದು ನಡೆಯುತ್ತಿದ್ದೆ. ಆದರೂ ಹಾಗೆ ಅಂದೆ. ಯಾಕೆಂದು ಏಳು ವರ್ಷದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಒಳ್ಳೆಯ ಮಣ್ಣು ಸಿಕ್ಕ ಸಡಗರದಲ್ಲಿ ಬೇರೆ ಜಾಗ ಹುಡುಕುವುದು ಬೇಡವಾಗಿತ್ತು, ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇಲ್ಲ.

ತೊಂಬತ್ತೊಂಬತ್ತರ ಮೇ ತಿಂಗಳ ಆ ಶನಿವಾರ ನಾನು ಪೆಟ್ಟಿಗೆಯ ಪವರ್ ಆಫ್ ಮಾಡಿಯೇ ಆಫೀಸಿಗೆ ಹೋಗಿದ್ದೆ. ಮಧ್ಯಾಹ್ನ ವಾಪಸು ಬರುವಾಗ ನಮ್ಮ ಬೀದಿಯ ತಿರುವಿನಲ್ಲಿ ಆ ಸಿಡಿಲಿನ ಸದ್ದು ಕೇಳಿತು. ಮಳೆ ಇನ್ನೂ ಶುರುವಾಗಿರಲಿಲ್ಲ. ಓಡಿಬಂದರೆ ಮುದ್ದಕ್ಕ ಕಾಲು ಚಾಚಿ ಬಿದ್ದಿದ್ದಳು. ರಾಗಿ ಬೀಸಿಸಲು ಹೋಗಿದ್ದ ನೀವು ಹಿಟ್ಟಿನ ಡಬ್ಬ ಹಿಡಿದು ಗೇಟಿನಲ್ಲಿ ನಿಂತಿದ್ದಿರಿ. ಯಜಮಾನರು ಬೀದಿಯವರೆಲ್ಲರ ಎದುರಿಗೆ ಕೂಗಿದರು. "ಮೋಡ ಕವಿದಿದ್ದು ಕಣ್ಣಿಗೆ ಕಾಣ್ಲಿಲ್ವಾ? ಮರದ ಕೆಳಗೆ ಕಟ್ಟೋಗಿದ್ದೀಯಲ್ಲ, ಕೈಯಾರೆ ಕೊಂದ್‌ಬಿಟ್ಟೆ ಕಣೇ!"

ಸಿಡಿಲು ಮರಕ್ಕೆ ಹೊಡೆಯಿತೆಂದು ಎಲ್ಲರೂ ನಂಬಿದರು. ನಾರಾಯಣಮ್ಮ, ಆ ನುಗ್ಗೆಯ ಒಂದು ಎಲೆಯೂ ಸುಟ್ಟಿರಲಿಲ್ಲ. ಮುಂದಿನ ವಾರ ನೀವು ಅದರ ಸೊಪ್ಪು ಬಿಡಿಸಿ ಸಾರು ಮಾಡಿದ್ದು ನೆನಪಿದೆಯೇ? ನಾನು ಅಂದೇ ತಾರಸಿಗೆ ಹೋಗಿ ನೋಡಿದೆ. ಆಂಟೆನಾದ ತುದಿ ಕರಗಿತ್ತು. ಕೆಳಗಿಳಿಯುವ ತಾಮ್ರದ ಪಟ್ಟಿ ಬುಡದ ತನಕ ಕಪ್ಪಾಗಿತ್ತು. ಸಿಡಿಲು ನಾನು ಹಾಕಿಕೊಟ್ಟ ದಾರಿಯಲ್ಲೇ ಇಳಿದಿತ್ತು. ನೆಲಕ್ಕಿಳಿದ ಮೇಲೆ ಅದು ಒಂದೇ ಕಡೆ ಇಂಗುವುದಿಲ್ಲ, ಚೆಲ್ಲಿದ ನೀರಿನಂತೆ ಸುತ್ತ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು. ಒಂದರಿಂದ ಹತ್ತಿ, ಮೈಯೊಳಗೆ ಹಾದು, ಇನ್ನೊಂದರಿಂದ ಇಳಿದುಹೋಗುತ್ತದೆ. ಇದು ಆವತ್ತೂ ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದಿದ್ದೆ.

ನನ್ನ ರೇಡಿಯೋಗೆ ಏನೂ ಆಗಿರಲಿಲ್ಲ. ಹಚ್ಚಿದೆ, ಮಾತಾಡಿತು. ಅದನ್ನು ಎತ್ತಿ ಮಹಡಿಯಿಂದ ಎಸೆಯಬೇಕೆನಿಸಿತ್ತು. ಎಸೆಯಲಿಲ್ಲ. ಮುಂದಿನ ಭಾನುವಾರ ನಮ್ಮ ಹ್ಯಾಮ್‌ಗಳ ಕೂಟದಲ್ಲಿ ಏಕಾಂತಯ್ಯನವರು, ಸಿಡಿಲು ಬಡಿದರೂ ಸೆಟ್ ಉಳಿಸಿಕೊಂಡವಳು ಎಂದು ನನ್ನನ್ನು ನಿಲ್ಲಿಸಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಕೂತುಬಿಟ್ಟೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರನೆಯ ದಿನ ನೀವು ಮೆಟ್ಟಿಲು ಹತ್ತಿ ನನ್ನ ಬಾಗಿಲಿಗೆ ಬಂದಿರಿ. ಒಳಗೆ ಬರಲಿಲ್ಲ. "ರಾಜಿ, ನೀನು ಓದಿದೋಳು. ನಿಜ ಹೇಳು. ನಾನು ಅಲ್ಲಿ ಕಟ್ಟಿದ್ದಕ್ಕೇ ತಾನೇ ಹೋಗಿದ್ದು?" ಅಂದಿರಿ. ನೀವು ಬೇರೆ ಯಾರನ್ನೂ ಕೇಳಲಿಲ್ಲ, ನನ್ನನ್ನು ಕೇಳಿದಿರಿ. ನಾನು "ಹಣೆಬರಹ ಬಿಡ್ರಿ ಅಮ್ಮಾ" ಅಂದೆ. ನೀವು ತಲೆ ಆಡಿಸಿ ಇಳಿದು ಹೋದಿರಿ. ಎರಡು ತಿಂಗಳಲ್ಲಿ ಆಫೀಸು ದೂರವೆಂದು ನೆಪ ಹೇಳಿ ಮನೆ ಖಾಲಿ ಮಾಡಿದೆ. ಹೊರಡುವಾಗ ನೀವು ಮಡಿಲು ತುಂಬಿದಿರಿ, ನಾನು ಅತ್ತೆ. ಊರು ಬಿಟ್ಟು ಬಂದ ಹುಡುಗಿ, ಮನೆ ಬಿಡುವಾಗ ಅಳುತ್ತಾಳೆ ಎಂದು ನೀವೇ ನನ್ನನ್ನು ಸಮಾಧಾನ ಮಾಡಿದಿರಿ.

ಇಲ್ಲಿಯೂ ತಾರಸಿಯ ಮೇಲೆ ಅದೇ ಡಬ್ಬಿ ಇದೆ, ನೆಲದಲ್ಲಿ ಕಂಬಿ ಇದೆ. ಸುತ್ತ ಎದೆಯೆತ್ತರದ ಬೇಲಿ ಹಾಕಿಸಿ ಬೀಗ ಜಡಿದಿದ್ದೇನೆ. ಪಕ್ಕದ ಮನೆಯ ಈಶ್ವರಮ್ಮ ಒಳಗೆ ನಾಗರಕಲ್ಲು ಇದೆಯೆಂದು ತಿಳಿದು ಮಂಗಳವಾರ ಹೂವು ಇಟ್ಟುಹೋಗುತ್ತಾರೆ. ಮೋಡ ಕಂಡರೆ ನಾನು ಕೊಡೆ ಹಿಡಿದು ಓಡುತ್ತೇನೆ, ಬೇಲಿಯ ಹತ್ತಿರ ನಾಯಿ ಮಲಗಿದ್ದರೂ ಕೋಲು ಬೀಸಿ ಎಬ್ಬಿಸುತ್ತೇನೆ. ಬೀದಿಯವರು ನಗುತ್ತಾರೆ. ನಗಲಿ. ಬೇಲಿಯಿಂದ ನನ್ನ ಮನಸ್ಸಿಗೆ ನೆಮ್ಮದಿಯಂತೂ ಬರಲಿಲ್ಲ.

ಯಜಮಾನರ ಮೇಲೆ ಕೋಪ ಮಾಡಿಕೊಳ್ಳಬೇಡಿ. ನಾನು ತೇವದ ಜಾಗ ಕೇಳಿದೆ, ಅವರು ತೇವದ ಜಾಗ ತೋರಿಸಿದರು. ಮುಂದಿನದು ತಿಳಿದಿದ್ದವಳು ನಾನೊಬ್ಬಳೇ. ಆದರೆ ಅವರು ಆಡಿದ ಆ ಮಾತನ್ನು ಅವರ ಎದುರಿಗೇ ಅಳಿಸಬೇಕು. ಭಾನುವಾರ ಬೆಳಿಗ್ಗೆ ಕೋಣನಕುಂಟೆಗೆ ಬರುತ್ತೇನೆ. ಅಂದು ಕೇಳಿಸಿಕೊಂಡ ಬೀದಿಯವರನ್ನೆಲ್ಲ ಕೂಡಿಸಲಾರೆ, ಅವರೊಬ್ಬರು ಕೇಳಿಸಿಕೊಂಡರೆ ಸಾಕು. ನೀವು ಬಾಗಿಲು ಹಾಕಿಕೊಂಡರೆ ಹೊರಗೇ ನಿಂತು, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತೇನೆ.

ನಿಮಗೆ ಬಂದ ಕಾಗದಗಳನ್ನು ಮೊಮ್ಮಗಳು ಅರ್ಪಿತ ಓದಿ ಹೇಳುತ್ತಾಳೆಂದು ಶಿವರಾಮ್ ಅಂದು ಹೇಳಿದ್ದರು. ಅರ್ಪಿತ, ಅಜ್ಜಿ ಸಾಕು ಬಿಡು ಅಂದರೂ ನಿಲ್ಲಿಸಬೇಡ. ಮುಂದಿನ ಸಾಲನ್ನು ಎರಡು ಸಲ ಓದು, ತಾತನಿಗೂ ಕೇಳಿಸಲಿ.

ನಾರಾಯಣಮ್ಮ, ನೀವು ಹಸುವನ್ನು ಕಟ್ಟಿದ್ದು ದಿನವೂ ಕಟ್ಟುವ ಜಾಗದಲ್ಲೇ. ಸಾವನ್ನು ತಂದು ಅಲ್ಲಿ ಹೂತವಳು ನಾನು.

ದೇವರು ನಿಮಗೆ ಇನ್ನಾದರೂ ನಿಶ್ಚಿಂತೆ ಕೊಡಲಿ. ಕ್ಷಮಿಸಿ ಎಂದು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಬಂದು ಕೇಳುತ್ತೇನೆ.

ನಿಮ್ಮ ಮಹಡಿ ಮನೆಯ ಹುಡುಗಿ,
ರಾಜಿ