ಅವಳು ಬಾಯಿ ಬಿಟ್ಟರೆ ಚಪ್ಪಾಳೆ

ಜುಲೈ 8, ಸೋಮವಾರ

ಮತ್ತೆ ಹಿಂದಿನ ಬೆಂಚು. ಟೀಚರ್ ಟ್ರೇನಿಂಗ್ ಮೊದಲ ವರ್ಷದವರ ಭಾಗ್ಯ ಇಷ್ಟೇ — ನಾಲ್ಕನೇ ಕ್ಲಾಸಿನ ಪುಟಾಣಿ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ‘ಅಬ್ಸರ್ವ್’ ಮಾಡುವುದು. ಕ್ಲಾಸ್ ಟೀಚರಿಗೆ ನಾನಿಟ್ಟ ಹೆಸರು ಸಕ್ಕರೆ ಮೇಡಂ. ಗೋಡೆಯಲ್ಲಿ ಅವರ ಚಾರ್ಟು: ‘ನಾವೆಲ್ಲ ಒಂದೇ.’ ಮೇಲೆ ಗ್ಲಿಟರ್ ಬೇರೆ. ಥೂ.

ಬೇರೆ ಭಾಷೆಯ ಮನೆಯಿಂದ ಬಂದ ಹೊಸ ಹುಡುಗಿ ಒಬ್ಬಳಿದ್ದಾಳೆ. ಅವಳು ನಮ್ಮ ಭಾಷೆಯಲ್ಲಿ ಏನೇ ಅಂದರೂ ಇಡೀ ಕ್ಲಾಸು ಚಪ್ಪಾಳೆ ತಟ್ಟಬೇಕು. ಮೇಡಂ ರೂಲ್. ಇವತ್ತು ಎದ್ದು ನಿಂತು, “ಟೀಚರ್, ಟಾಯ್ಲೆಟ್‌ಗೆ ಹೋಗ್ಲಾ?” ಅಂದಳು. ಅದಕ್ಕೂ ಚಪ್ಪಾಳೆ! ಕೂತುಬಿಟ್ಟಳು. ಹೋಗಲೇ ಇಲ್ಲ.

ಜುಲೈ 10

ಹುಡುಗಿ ಈಗ ತುಟಿ ಪಿಟಕ್ ಅನ್ನುತ್ತಿಲ್ಲ.

“ಎಷ್ಟು ಎನ್‌ಕರೇಜ್ ಮಾಡಿದ್ರೂ ಮಾತೇ ಇಲ್ಲ ಕಣಮ್ಮ. ಎರಡನೇ ಕ್ಲಾಸಿಗೆ ಇಳಿಸೋಣ ಅಂತ ಹೆಡ್ ಮೇಡಂಗೆ ಹೇಳಿದೀನಿ,” ಅಂದರು ಸಕ್ಕರೆ ಮೇಡಂ.

“ಚಪ್ಪಾಳೆ ನಿಲ್ಲಿಸಿ ನೋಡಿದ್ರೆ...”

“ಪ್ರೀತಿ ತೋರ್ಸೋದೂ ತಪ್ಪಾ? ಚೆನ್ನಾಗಿದೆ ನಿನ್ ಕಥೆ!”

ಹಲ್ಲು ಕಿರಿದೆ. ಪ್ರಾಕ್ಟಿಕಲ್ ಮಾರ್ಕ್ಸ್ ಅವರ ಕೈಯಲ್ಲಿ. ಶುಕ್ರವಾರ ನನ್ನ ಪಾಠ ನೋಡಲು ಕಾಲೇಜಿನಿಂದ ಸೂಪರ್‌ವೈಸರ್ ಬರುತ್ತಾರೆ.

ಜುಲೈ 11

ಇಂಟರ್ವಲ್. ನಲ್ಲಿಯ ಹತ್ತಿರ ಅದೇ ಹುಡುಗಿ, ತನಗಿಂತ ದೊಡ್ಡ ಹುಡುಗನ ಮುಂದೆ ಸೊಂಟಕ್ಕೆ ಕೈಯಿಟ್ಟು:

“ಲೋ, ಕ್ಯೂ ಕಾಣ್ಸಲ್ವಾ? ನಿಮ್ಮಪ್ಪ ಹಾಕ್ಸಿದ್ ನಲ್ಲಿನಾ?”

ವಾಹ್! ನನಗೇ ಗೊತ್ತಿಲ್ಲದೆ ಎರಡೂ ಕೈ ಮೇಲೆದ್ದಿದ್ದವು. ಅವಳು ಮುಖ ನೋಡಲಿಲ್ಲ, ಕೈ ನೋಡಿದಳು.

“ನೀವೂ ತಟ್ತೀರಾ ಮಿಸ್? ನಾನೇನು ಸರ್ಕಸ್ಸಾ?”

ಕೈಗಳನ್ನು ಎಲ್ಲಿಡಲಿ? ಸಕ್ಕರೆ ಮೇಡಂ ಜಾತಿಯವಳೇ ನಾನೂ, ಗ್ಲಿಟರ್ ಒಂದು ಕಮ್ಮಿ. ನಾಳೆ ನನ್ನ ಪಾಠದಲ್ಲಿ ಚಪ್ಪಾಳೆ ಇರಲ್ಲ ಅಂತ ಮಾತು ಕೊಟ್ಟೆ. ಮಕ್ಕಳಿಗೂ ಹೇಳಿಟ್ಟೆ.

ಜುಲೈ 12, ಮಧ್ಯಾಹ್ನ

ಪಾಠ ಮುಗಿಯಿತು.

ಮಳೆಗಾಲದಲ್ಲಿ ಬಟ್ಟೆ ಯಾಕೆ ಬೇಗ ಒಣಗಲ್ಲ ಅಂತ ಕೇಳಿದೆ. ಅವಳೇ ಎದ್ದಳು. “ಗಾಳಿಯಲ್ಲೇ ನೀರು ತುಂಬಿರುತ್ತಲ್ಲ ಮಿಸ್...” ಮಕ್ಕಳು ಗಪ್‌ಚಿಪ್. ಹಿಂದಿನಿಂದ ಟಪ ಟಪ ಟಪ — ಸೂಪರ್‌ವೈಸರ್ ಪಕ್ಕದಲ್ಲಿ ಕೂತ ಸಕ್ಕರೆ ಮೇಡಂ, ಮುಖ ಅರಳಿಸಿಕೊಂಡು! ಹುಡುಗಿ ಕುಸಿದು ಕೂತಳು.

“ಮೇಡಂ, ಕೈ ಇಳಿಸಿ. ಅವಳು ಇನ್ನೂ ಮುಗಿಸಿಲ್ಲ.”

ಅಂದವಳು ನಾನೇ. ಸೂಪರ್‌ವೈಸರ್ ಪೆನ್ನು ನಿಂತಿತು. ಹುಡುಗಿ ಕೂತಲ್ಲಿಂದಲೇ, “...ಬಟ್ಟೆ ನೀರು ಎಲ್ಲಿಗೆ ಹೋಗುತ್ತೆ ಮತ್ತೆ?” ಅಂದಳು.

ನನ್ನ ಬಗ್ಗೆ ರಿಮಾರ್ಕ್: ‘ಹಿರಿಯರಲ್ಲಿ ಗೌರವ ಕಡಿಮೆ.’ ಪಾಠದ ವಿಷಯ ಒಂದಕ್ಷರ ಇಲ್ಲ. ಮಾರ್ಕ್ಸ್ ಗೋವಿಂದ.

ಜುಲೈ 15, ಬೆಳಿಗ್ಗೆ

ಚಪ್ಪಾಳೆ ಬಂದ್. ಸಕ್ಕರೆ ಮೇಡಂ ತುಟಿ ಬಿಗಿದುಕೊಂಡಿದ್ದಾರೆ. ಈಗಷ್ಟೇ ಕಿಟಕಿ ಪಕ್ಕದ ಜಾಗಕ್ಕೆ ಜಗಳ ಶುರುವಾಯಿತು. ಯಾರ ದನಿ ಅಂತ ಬೇರೆ ಹೇಳಬೇಕೆ? ಬಾಗಿಲಲ್ಲಿ ಹೆಡ್ ಮೇಡಂ.

“ಎರಡನೇ ಕ್ಲಾಸಿಗೆ ಇಳಿಸ್ಬೇಕು ಅಂದ್ರಲ್ಲ, ಯಾವ ಹುಡುಗಿ?”

ಸಕ್ಕರೆ ಮೇಡಂ ಬೆರಳು ಮೆಲ್ಲಗೆ ಎದ್ದಿತು. ಬೆರಳಿನ ತುದಿಯಲ್ಲಿ ಅವಳು, ಬೈಗುಳದ ಅರ್ಧದಾರಿಯಲ್ಲಿ.

“ಇವಳಾ? ಮೊದ್ಲು ಇವಳ ಬಾಯಿ ಮುಚ್ಸಿ ಕಣ್ರೀ! ಆಫೀಸ್‌ವರೆಗೂ ಕೇಳ್ತಿದೆ.”

ತಲೆ ಬಗ್ಗಿಸಿ ಬರೆಯುತ್ತಿದ್ದೇನೆ, ನಗು ಕಾಣಬಾರದು. ಸಕ್ಕರೆ ಮೇಡಂ ನನ್ನ ಬೆಂಚಿನ ಕಡೆಗೇ ಬರ್ತಿ—