ಕನ್ನಡದಲ್ಲಿ ಮೂವತ್ತೊಂದು

ಕೊಪ್ಪಳ
೧೯-೨-೧೯೪೭, ಬುಧವಾರ

ಪ್ರೀತಿಯ ಅವ್ವಾ,

ನಿನ್ನ ಪಾದಗಳಿಗೆ ಹಣೆ ಹಚ್ಚಿ ಬರೆಯುತ್ತಿದ್ದೇನೆ. ಮೊಣಕಾಲಿನ ನೋವು ಈಗ ಹೇಗಿದೆ? ನಾನು ಕಳಿಸಿದ ಎಣ್ಣೆಯನ್ನು ನೀನೇ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಕುಂಟುವ ಎಮ್ಮೆಯ ಕಾಲಿಗೆ ಹಚ್ಚಿ ಮುಗಿಸಿದೆಯೋ? ಶೇಖರಮ್ಮ, ಅವ್ವನಿಗೆ ಓದಿ ಹೇಳುವುದನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ ಅವ್ವನ ಮುಖ ನೋಡು. ನಕ್ಕರೆ ಎಮ್ಮೆಗೇ ಹಚ್ಚಿದ್ದಾಳೆ. ನಾನು ಆರೋಗ್ಯವಾಗಿದ್ದೇನೆ. ನಮ್ಮ ಕಾಲೇಜಿನ ಹಾಸ್ಟೆಲಿನಲ್ಲಿ ಅಡುಗೆ ನೋಡಿಕೊಳ್ಳುವ ಅಮೀನಾಬೀ ನನಗೂ ಎರಡು ಹೊತ್ತು ಊಟ ಕಳಿಸುತ್ತಾಳೆ. ಹೋದ ಪತ್ರ ಕೇಳಿ ನೀನು “ಇಂವ ಕಾಗದದಾಗ ಬ್ಯಾರೆಯವರ ಮಗನಂಗ ಮಾತಾಡ್ತಾನ” ಅಂದೆ ಎಂದು ಶೇಖರಮ್ಮ ಬರೆದಿದ್ದಳು. ಆ ಮಾತು ನನ್ನನ್ನು ಬಿಟ್ಟಿಲ್ಲ. ಆದರೂ ಪೆನ್ನು ಹಿಡಿದರೆ ನನಗೆ ಬರುವುದು ಇದೊಂದೇ ಬಗೆ.

ಮೊದಲು ಕೆಲಸದ ಮಾತು ಹೇಳಿಬಿಡುತ್ತೇನೆ. ನಮ್ಮ ಹೊಲಕ್ಕೆ ಕೂಲಿಗೆ ಬರುವ ಹುಲಿಗವ್ವನ ಮಗ ಮಾರೆಪ್ಪ ಕಾಲೇಜು ಬಿಟ್ಟು ಊರಿಗೆ ಬಂದು ಇವತ್ತಿಗೆ ಆರು ದಿನ. ಬರುವ ಸೋಮವಾರ ಮುಂಜಾನೆ ಹತ್ತು ಗಂಟೆಗೆ ಅವನು ಇಲ್ಲಿರಬೇಕು. ಅವತ್ತು ಕನ್ನಡದ ಪರೀಕ್ಷೆಯನ್ನು ಇನ್ನೊಮ್ಮೆ ಬರೆದು ಪಾಸಾದರೆ ಹಾಸ್ಟೆಲಿನ ಜಾಗ ಉಳಿಯುತ್ತದೆ. ಬರದಿದ್ದರೆ ಸೋಮವಾರ ಸಂಜೆಯೇ ಅವನ ಹೆಸರು ಹೊಡೆದುಹಾಕುತ್ತಾರೆ. ಅವನನ್ನು ಹೇಗಾದರೂ ಕಳಿಸು ಅವ್ವಾ. ನನ್ನ ಮಾತಿಗೆ ಅವನು ಬರುವನೆಂಬ ಧೈರ್ಯ ನನಗಿಲ್ಲ. ಯಾಕೆ ಎಂಬುದನ್ನು ನಿನಗಾದರೂ ಹೇಳಬೇಕು.

ದಸರೆಯ ನಂತರ ಪ್ರಿನ್ಸಿಪಾಲ್ ಸಾಹೇಬರು ಫುಟ್‌ಬಾಲ್ ತಂಡವನ್ನು ನನ್ನ ಕೈಗೆ ಕೊಟ್ಟದ್ದು ನಿನಗೆ ಗೊತ್ತು. ಚೆಂಡಿಗೆ ಒಮ್ಮೆಯೂ ಒದ್ದವನಲ್ಲ ನಾನು. ಮಾಸ್ತರರಲ್ಲಿ ಚಿಕ್ಕವನು, ಆಗುವುದಿಲ್ಲ ಎನ್ನಲು ಬಾಯಿ ಬರದವನು, ಅಷ್ಟೇ ಕಾರಣ. ಮೊದಲ ವಾರವೆಲ್ಲ ಹುಡುಗರು ಕೋಟೆ ಗುಡ್ಡದ ಕೆಳಗಿನ ಬಯಲಿನಲ್ಲಿ ಕಲ್ಲು ಆರಿಸಿದರು. ಇದ್ದದ್ದು ಒಂದೇ ಚೆಂಡು, ಅದರ ಬ್ಲಾಡರಿಗೆ ಸೈಕಲ್ ಅಂಗಡಿಯಲ್ಲಿ ಹಾಕಿಸಿದ ಆರು ತೇಪೆ. ಎಲ್ಲರದೂ ಬರಿಗಾಲು. ಅಮೀನಾಬೀ ಸಂಜೆಯ ಅಕ್ಕಿ ಆರಿಸುವ ಮೊರವನ್ನು ಬಯಲಿಗೇ ತಂದು ಕೂರುತ್ತಿದ್ದಳು. “ಏ ಯಂಕೋಬ, ಚೆಂಡಿಗಿ ಒದಿಯಪ್ಪಾ. ಗಾಳಿಗ್ಯಾಕ ಒದಿತಿ, ಅದೇನ್ ಮಾಡೈತಿ ನಿನಗ?” ಎಂದು ನಾಯಕನಿಗೇ ಕೂಗುವಳು. ಮಾರೆಪ್ಪನಿಗೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅವನ ಕಾಲಿಗೆ ಚೆಂಡು ಬಂದಾಗ ಅವಳ ಕೈಯಲ್ಲಿ ಮೊರ ನಿಲ್ಲುತ್ತಿತ್ತು.

ಜಿಲ್ಲೆಯ ಕಪ್ಪಿನ ಪಂದ್ಯಗಳಲ್ಲಿ ಮೊದಲು ಗಂಗಾವತಿಯವರ ಮೇಲೆ ಎರಡು ಗೋಲಿನಿಂದ ಗೆದ್ದೆವು, ಎರಡೂ ಮಾರೆಪ್ಪನವು. ಅಲ್ಲಿನ ಬಯಲು ಭತ್ತದ ಗದ್ದೆಗೆ ಅಂಟಿಕೊಂಡಿದೆ. ಚೆಂಡು ನಾಲ್ಕು ಸಲ ಕಾಲುವೆಗೆ ಬಿತ್ತು, ನಾಲ್ಕು ಸಲವೂ ಎರಡೂ ಕಡೆಯವರು ಜೊತೆಯಾಗಿ ಹಾರಿ ತೆಗೆದರು. ಕುಷ್ಟಗಿಯ ಎರೆಮಣ್ಣಿನ ಬಿರುಕುಗಳಲ್ಲಿ ನಮ್ಮವರ ಕಾಲು ಉಳುಕಿ ಆಟ ಸಮವಾಯಿತು. ಅವತ್ತು ನಮಗೆ ಊಟ ಹಾಕಿದ ಮನೆಯವರು ಹತ್ತು ಮಂದಿಯನ್ನು ಒಳಗೆ ಕೂರಿಸಿ ಮಾರೆಪ್ಪನ ಎಲೆಯನ್ನು ದನದ ಕೊಟ್ಟಿಗೆಯ ಮುಂದೆ ಹಾಕಿದರು. ಯಂಕೋಬ ತನ್ನ ಎಲೆ ಎತ್ತಿಕೊಂಡು ಹೊರಗೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನಾನು ಒಳಗೇ ಕೂತು ಉಂಡೆ ಅವ್ವಾ. ಏಳಬೇಕೆಂದುಕೊಂಡೆ. ಯಜಮಾನರು ತುಪ್ಪದ ಗಿಂಡಿ ಹಿಡಿದು ಎದುರಿಗೇ ನಿಂತಿದ್ದರು. ಯಲಬುರ್ಗಿಯಲ್ಲಿ ಗಾಳಿಯೋ ಗಾಳಿ. ಅಲ್ಲಿಯ ನಾಯಕ ಆಟಕ್ಕೆ ಮೊದಲು ನನ್ನ ಹತ್ತಿರ ಬಂದು “ಮಾಸ್ತರ್ರ, ನಿಮ್ಮ ಕಡೆ ಹನ್ನೊಂದು ಮಂದಿ ಅದಾರೋ, ಮಾರೆಪ್ಪ ಒಬ್ಬನ ಅದಾನೋ? ಒಬ್ಬನ ಇದ್ರ ನಾವೂ ಒಬ್ಬನ್ನ ಇಳಸ್ತೀವಿ” ಎಂದು ನಗಾಡಿದ. ಮೂರು ಗೋಲು ತಿಂದ ಮೇಲೆ ಅವನೇ ಬಂದು ಮಾರೆಪ್ಪನಿಗೆ ಅರ್ಧ ಕಬ್ಬು ಮುರಿದು ಕೊಟ್ಟ. ಹೀಗೆ ನಾವು ರಾಯಚೂರಿನ ಫೈನಲ್ಲಿಗೆ ಬಂದೆವು. ಮನಸ್ಸಿನಲ್ಲೇ ನಾನೂ ಓಡುವುದನ್ನು ಕಲಿತಿದ್ದೆ.

ನಡುವೆ ಪರೀಕ್ಷೆ ಬಂತು. ಇಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ, ಕನ್ನಡ ಒಂದು ವಿಷಯ ಮಾತ್ರ, ಅದರ ಪತ್ರಿಕೆ ನೋಡುವವನು ನಾನೊಬ್ಬನೇ. ಒಂದು ವಿಷಯದಲ್ಲಿ ನಪಾಸಾದವನೂ ಕಾಲೇಜಿನ ಪರವಾಗಿ ಆಡುವಂತಿಲ್ಲ, ಹಾಸ್ಟೆಲಿನಲ್ಲೂ ಇರುವಂತಿಲ್ಲ. ಪತ್ರಿಕೆಗಳ ಮೇಲೆ ಹೆಸರಿರುವುದಿಲ್ಲ, ನಂಬರು ಅಷ್ಟೇ. ‘ನಾನು ಕಂಡ ಒಂದು ದೃಶ್ಯ’ ಎಂದು ಪ್ರಬಂಧ ಕೊಟ್ಟಿದ್ದೆ. ಎಲ್ಲರೂ ಸೂರ್ಯೋದಯ ಬರೆದಿದ್ದರು. ಒಬ್ಬ ಮಾತ್ರ ಬಾವಿಯ ಹೂಳು ತೆಗೆದದ್ದನ್ನು ಬರೆದಿದ್ದ. “ನಮ್ಮವ್ವ ಬಾವ್ಯಾಗ ನಿಂತಾಳ. ಮ್ಯಾಲಿಂದ ನೋಡಿದ್ರ ಆಕಿ ತಲಿ ಒಂದ ಕಾಣತೈತಿ. ಆಕಿ ದನಿ ಮಾತ್ರ ಆಕಿಗಿಂತ ದೊಡ್ಡದಾಗಿ ಬರತೈತಿ.” ಎರಡನೆಯ ಸಾಲಿಗೇ ಅದು ನಮ್ಮೂರು ತಳಕಲ್ಲಿನ ಬಾವಿಯೆಂದೂ ಆ ತಲೆ ಹುಲಿಗವ್ವನದೆಂದೂ ಗುರುತಾಯಿತು. ಅಷ್ಟು ಒಳ್ಳೆಯ ಬರಹ ಆ ಕಟ್ಟಿನಲ್ಲಿ ಇನ್ನೊಂದಿರಲಿಲ್ಲ. ಎರಡು ಸಲ ಓದಿ, ಕೆಂಪು ಪೆನ್ಸಿಲ್ ತೆಗೆದುಕೊಂಡು, ಆ ಮೂರು ವಾಕ್ಯಗಳಲ್ಲೇ ಹನ್ನೊಂದು ಗೆರೆ ಎಳೆದೆ. ನಿಂತಾಳ ಅಲ್ಲ ನಿಂತಿದ್ದಾಳೆ. ತಲಿ ಅಲ್ಲ ತಲೆ. ಕಾಣತೈತಿ ಅಲ್ಲ ಕಾಣುತ್ತದೆ. ನಾನು ಧಾರವಾಡಕ್ಕೆ ಓದಲು ಹೋದ ಹೊಸದರಲ್ಲಿ ತರಗತಿಯಲ್ಲಿ ಎದ್ದುನಿಂತು “ಐತ್ರೀ” ಎಂದಾಗ ಎಲ್ಲರೂ ನಕ್ಕಿದ್ದರು. ಅಂದಿನಿಂದ ಬರೆಯುವಲ್ಲಿ ಆ ಮಾತು ನನ್ನ ಹತ್ತಿರ ಸುಳಿದಿಲ್ಲ. ಮೇಲಾಗಿ ಇವನು ನಮ್ಮೂರವನು, ನಮ್ಮ ಹೊಲದವಳ ಮಗ. ಬಿಟ್ಟುಕೊಟ್ಟರೆ ಪಕ್ಷಪಾತವಾಗುತ್ತದೆಂದು ಬೇರೆಯವರಿಗೆ ಕ್ಷಮಿಸಿದ್ದನ್ನೂ ಇವನಿಗೆ ಕ್ಷಮಿಸಲಿಲ್ಲ. ತಪ್ಪಿಗೆ ಅರ್ಧ ಅಂಕದಂತೆ ಕಳೆಯುತ್ತ ಹೋದೆ. ಕೂಡಿಸಿದಾಗ ಮೂವತ್ತೊಂದು ಬಂತು. ಪಾಸಿಗೆ ಮೂವತ್ತೈದು. ನಾಲ್ಕೇ ಅಂಕ ಕಡಿಮೆ ಎಂದುಕೊಂಡು, ಮೂವತ್ತೊಂದೆಂದೇ ಬರೆದು ಮುಂದಿನ ಪತ್ರಿಕೆ ತೆಗೆದುಕೊಂಡೆ, ಫೈನಲ್ ನನಗೆ ನೆನಪೇ ಆಗಲಿಲ್ಲ.

ಫಲಿತಾಂಶದ ಹಾಳೆ ಗೋಡೆಗೆ ಅಂಟಿದಾಗ ನೋಡಿದೆ. ಉರ್ದುವಿನಲ್ಲಿ ಅರವತ್ತೆರಡು, ಚರಿತ್ರೆಯಲ್ಲಿ ಐವತ್ತೆಂಟು, ಲೆಕ್ಕದಲ್ಲಿ ಎಪ್ಪತ್ತು. ಮನೆಯ ಮಾತಿನಲ್ಲಿ ಮಾತ್ರ ನಪಾಸು. ಓಡುತ್ತ ಪ್ರಿನ್ಸಿಪಾಲ್ ಸಾಹೇಬರ ಬಳಿ ಹೋಗಿ ಅಂಕ ತಿದ್ದಿಕೊಡುತ್ತೇನೆ ಎಂದೆ. ಅವರು ಸಿಟ್ಟಾಗಲಿಲ್ಲ. “ಉರ್ದು ಆಗಿದ್ದರೆ ನಾನೇ ನೋಡುತ್ತಿದ್ದೆ ಮಾಸ್ಟರ್ ಸಾಬ್. ಇದು ನಿಮ್ಮ ಜಬಾನ್, ನಿಮ್ಮ ಭಾಷೆ. ನಿನ್ನೆ ಗಲತ್ ಅಂತ ಬರೆದವರೂ ನೀವೇ, ಇವತ್ತು ಸರಿ ಅನ್ನುವವರೂ ನೀವೇ. ನಾನು ಯಾರ ಮಾತು ಕೇಳಲಿ?” ಎಂದರು. ನಾನು ಬಹಳ ಹೊತ್ತು ಹೋಗದೆ ನಿಂತೇ ಇದ್ದುದಕ್ಕೆ ಮರುಪರೀಕ್ಷೆಗೆ ಒಪ್ಪಿದರು. ಅದೂ ಫೈನಲ್ ಮುಗಿದ ಮೇಲೆ, ಈ ಸೋಮವಾರ.

ಗುರುವಾರ ಸಂಜೆ ತಂಡವನ್ನು ಬಿಡಲು ಮಾರೆಪ್ಪ ಸ್ಟೇಷನ್ನಿಗೆ ಬಂದ. ಚೆಂಡನ್ನು ಅವನೇ ಹೊತ್ತು ತಂದಿದ್ದ, ಇನ್ನೊಂದು ಕಂಕುಳಲ್ಲಿ ಅವನ ಹಾಸಿಗೆ. ನನ್ನನ್ನು ಬೈಯುತ್ತಾನೆಂದು ಕಾದಿದ್ದೆ. “ಸರ, ಐತಿ ತಪ್ಪಾದ್ರ ಸರಿ ಹೆಂಗ ಬರೀಬೇಕ್ರಿ?” ಎಂದು ಕೇಳಿದ. ‘ಇದೆ’ ಎಂದು ಬರೆಯಬೇಕು ಎಂದೆ. ಇದೆ, ಇದೆ ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ ನಕ್ಕ. “ನಮ್ಮವ್ವನ ಮುಂದ ಹಿಂಗಂದ್ರ, ಯಾವೂರಾಂವಪ್ಪಾ ನೀ ಅಂತ ಕೇಳ್ತಾಳ್ರಿ.” ಮರುಪರೀಕ್ಷೆಯ ಸುದ್ದಿ ಹೇಳಿದೆ. “ನೋಡ್ತೀನ್ರಿ” ಎಂದ. ನೋಡ್ತೀನಿ ಅನ್ನುವುದು ಬರುವುದಿಲ್ಲ ಎಂದು ಹೇಳುವ ಮರ್ಯಾದೆಯ ರೀತಿ, ನಿನಗೆ ಗೊತ್ತಿದ್ದದ್ದೇ. ಹುಬ್ಬಳ್ಳಿ ಕಡೆಯ ಗಾಡಿಗೆ ಊರಿಗೆ ಹೋಗುತ್ತೇನೆಂದ. ಅಷ್ಟರಲ್ಲಿ ನಮ್ಮ ಗಾಡಿ ಹೊರಟಿತು.

ರಾಯಚೂರಿನವರು ಬೂಟು ಹಾಕಿ ಆಡುತ್ತಾರೆ. ಆದರೆ ನಾವು ಸೋತದ್ದು ಬೂಟಿಗಲ್ಲ. ಯಂಕೋಬ ಬಲಗಡೆಯಿಂದ ಚೆಂಡು ತಂದು, ತಲೆ ಎತ್ತಿ ನೋಡದೆ, ಎಂದಿನಂತೆ ಎಡಕ್ಕೆ ಒದೆಯುವನು. ಅಲ್ಲಿ ಯಾರೂ ಇರುತ್ತಿರಲಿಲ್ಲ. ಒಮ್ಮೆಯಲ್ಲ, ಐದು ಸಲ ಹಾಗಾಯಿತು. ಕಡೆಗೆ ನೋಡುವ ಮಂದಿ ಅವನು ಎಡಕ್ಕೆ ತಿರುಗುವ ಮೊದಲೇ ನಗಲು ಶುರುಮಾಡಿದರು. ಮೂರು ಗೋಲು ಬಿದ್ದವು. ಬರುವಾಗ ಗಾಡಿಯಲ್ಲಿ ಹುಡುಗರು ನೀರಿನ ತಂಬಿಗೆಯನ್ನು ಎಂದಿನಂತೆ ಮೊದಲು ನನಗೇ ಕೊಟ್ಟರು. ನಾನು ಅದನ್ನು ಯಂಕೋಬನಿಗೆ ದಾಟಿಸಿದೆ.

ಕಪ್ಪಿನ ಮಾತು ಹೋಗಲಿ. ಮಾರೆಪ್ಪ ಸೋಮವಾರ ಬಂದು ನಾಲ್ಕು ಪುಟ ಬರೆದರೆ ಸಾಕು. ಪತ್ರಿಕೆ ನೋಡುವವನು ಮತ್ತೆ ನಾನೇ. ನಾನು ಈಗ ಬಿಟ್ಟುಕೊಟ್ಟರೆ ಅದು ನ್ಯಾಯವೋ ಅಲ್ಲವೋ ನನಗೆ ತಿಳಿಯುತ್ತಿಲ್ಲ. ಆದರೆ ಅವನು ಬರಲಿ. ನೀನು ಕರೆದರೆ ಇಲ್ಲ ಎನ್ನಲಾರ.

ಚಳಿ ಇನ್ನೂ ಇದೆ, ಮುಂಜಾನೆ ತಣ್ಣೀರಿಗೆ ಕೈ ಹಾಕಬೇಡ. ಶೇಖರಮ್ಮನಿಗೆ ನನ್ನ ಆಶೀರ್ವಾದ. ನೆನೆದು ಕೇಳಿದವರಿಗೆಲ್ಲ ನಾನು ಸುಖವಾಗಿದ್ದೇನೆಂದು ಹೇಳು.

ನಿನ್ನ ಮಗ,
ದೇವೇಂದ್ರಪ್ಪ

ತಾ.ಕ. ಲಕೋಟೆಗೆ ಅಂಟು ಹಚ್ಚುವಾಗ ಯಂಕೋಬ ಬಂದ. ಮಾರೆಪ್ಪ ಊರಿಗೆ ಬಂದೇ ಇಲ್ಲವಂತೆ. ಮುನಿರಾಬಾದಿನ ಹತ್ತಿರ ಹೊಳೆಗೆ ಕಟ್ಟೆ ಕಟ್ಟಲು ಕಲ್ಲು ಒಡೆಯುತ್ತಿದ್ದಾರಲ್ಲ, ಅಲ್ಲಿ ಕೂಲಿಗೆ ನಿಂತಿದ್ದಾನೆ. “ನಮ್ಮವ್ವಗ ಹೇಳಬ್ಯಾಡ, ಆಕಿ ನಾ ಚೆಂಡಾಡಾಕತ್ತೀನಿ ಅನಕೊಂಡಾಳ, ಅನಕೊಳ್ಳಲಿ” ಎಂದನಂತೆ. ಅಂದರೆ ಹುಲಿಗವ್ವನಿಗೆ ನಪಾಸಾದದ್ದೂ ಗೊತ್ತಿಲ್ಲ. ಈ ಶುಕ್ರವಾರದ ರಜೆಗೆ ಅವಳು ರೊಟ್ಟಿ ಕಟ್ಟಿಕೊಂಡು ಹಾಸ್ಟೆಲಿಗೆ ಬರುತ್ತಾಳೆಂದು ಅಮೀನಾಬೀ ಹೇಳುತ್ತಾಳೆ. ಏನಾದರೂ ಕೆಲಸ ಹೇಳಿ ಅವಳನ್ನು ತಡೆ. ಶುಕ್ರವಾರ ನಾನೇ ಮುನಿರಾಬಾದಿಗೆ ಹೋಗುತ್ತೇನೆ, ಅವನೆದುರು ಏನು ಹೇಳಬೇಕೋ ಗೊತ್ತಿಲ್ಲ. ನನ್ನ ಕಾಗದ ಬಂತೆಂದರೆ ಹುಲಿಗವ್ವನೂ ನಮ್ಮ ಮನೆಯ ಕಟ್ಟೆಯ ಕೆಳಗೆ ಬಂದು ಕೂತು ಕೇಳುವುದು ಈಗ ನೆನಪಾಯಿತು. ಅವಳೆದುರು ಓದಬೇಡ ಎಂಬುದನ್ನು ಎಲ್ಲಕ್ಕಿಂತ ಮೊದಲು ಬರೆಯಬೇಕಿತ್ತು. ಟಪಾಲು ಚೀಲ ಕಟ್ಟುತ್ತಿದ್ದಾರೆ, ಇವತ್ತು ತಪ್ಪಿದರೆ ಶುಕ್ರವಾರದೊಳಗೆ ನಿಮಗೆ ಮುಟ್ಟುವುದಿಲ್ಲ. ಶೇಖರಮ್ಮ, ನೀನು ಇಲ್ಲಿಗೆ ಬರುವ ಹೊತ್ತಿಗೆ ಉಳಿದದ್ದನ್ನೆಲ್ಲ ಗಟ್ಟಿಯಾಗಿ ಓದಿಯಾಗಿರುತ್ತದೆ. ಹುಲಿಗವ್ವ ಅಲ್ಲೇ ಕೂತಿದ್ದರೆ, ಅವಳು ಏನು ಅಂದಳೆಂದು ನನಗೆ ಬರೆ. ಅವಳು ಅಂದ ಹಾಗೆಯೇ ಬರೆ, ತಿದ್ದಬೇಡ.