ರಂಜದ ಗಿಡ ನೆಡಲಿರುವ ಅಮ್ಮನವರಿಗೆ

ಮೈಸೂರು, ೨೧೯೪, ಚಿಗುರು ತಿಂಗಳ ಮೂವತ್ತೆರಡನೆಯ ದಿನ

ಅಮ್ಮಾ, ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ಈಗ ಸ್ವಲ್ಪ ಉದ್ದ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಅಲ್ಲಲ್ಲಿ ತಪ್ಪಬಹುದು. ಜೊತೆಗೆ ನಮ್ಮ ಕಾಲದ ಕೆಲವು ಮಾತುಗಳು ನಿಮಗೆ ವಿಚಿತ್ರ ಎನ್ನಿಸಬಹುದು, ಕ್ಷಮಿಸಿ. ಹೊಸದಾಗಿ ಮದುವೆಯಾಗಿದ್ದೇನೆ, ಸಂತೋಷ ತಡೆಯಲಾಗುತ್ತಿಲ್ಲ! ಆದರೆ ನೀವು ನೆಡಲಿರುವ ಆ ರಂಜದ ಮರದ ಮೇಲೆ ನನಗೆ ವಿಪರೀತ ಹೊಟ್ಟೆಕಿಚ್ಚು. ಅದಕ್ಕೇ ಈ ಕಾಗದ.

ನಿಮ್ಮ ಬೀದಿಯ ಕೊನೆಯ ಖಾಲಿ ಸೈಟು ಇಂದು ನಮ್ಮ ಕೇರಿಯ ತೋಟ. ನಮ್ಮ ಮನೆಗಳೆಲ್ಲ ಕಂಬಗಳ ಮೇಲಿವೆ, ಮಣ್ಣು ಕಾಲಿಗೆ ತಾಗುವುದು ಇಲ್ಲಿ ಮಾತ್ರ. ಕೆಲಸಕ್ಕೆ ಹೋಗುವ ಮುಂಚೆ ಎಲ್ಲರೂ 'ಉಸಿರುಪಾಳಿ'ಗೆ ಇಳಿಯುತ್ತೇವೆ. ಅಂದರೆ ಅವರವರ ಗಿಡದ ಪಕ್ಕ ಬರಿಗಾಲಲ್ಲಿ ಕುಳಿತು, ಕಣ್ಣು ಮುಚ್ಚಿ, ಬರುವ ಹೋಗುವ ಉಸಿರನ್ನು ಸುಮ್ಮನೆ ಗಮನಿಸುವುದು. ಆಮೇಲೆ ಆ ಗಿಡಕ್ಕೆ ನೀರು ಹಾಕಿ, ಕಳೆ ಕಿತ್ತು, ಬಲಿಯುವ ಮುಂಚೆ ಕಾಯಿ ಕೊಯ್ದು ಮನೆಗೆ ಹೋಗುವುದು. ಒಂದು ಗಿಡದ ಬಳಿ ಒಬ್ಬರೇ. ಇಬ್ಬರು ಕುಳಿತರೆ ಹರಟೆ ಶುರುವಾಗುತ್ತದೆಂದು ಹಿರಿಯರ ಕಟ್ಟಳೆ. ಮರವೆಂದು ಇರುವುದು ನಿಮ್ಮ ರಂಜ ಒಂದೇ, ಉಳಿದದ್ದೆಲ್ಲ ತರಕಾರಿ ಮಡಿ. ಆ ಮರ ನನ್ನ ಗಂಡ ಚಿರಂತನನ ಪಾಲಿಗೆ ಬಂದಿತ್ತು. ನನ್ನ ಪಾಲಿಗೆ ದೂರದ ಬೆಂಡೆ ಮಡಿ.

ಮದುವೆಯ ಮರುದಿನ ಅವನು ನನ್ನನ್ನು ಎಬ್ಬಿಸದೆ ಮರದ ಹತ್ತಿರ ಓಡಿದ. ವಾಪಸು ಬಂದಾಗ ಅಂಗಿಯ ತುಂಬ ಪರಿಮಳ, ಜೇಬಿನಲ್ಲಿ ಹೂ! ಅಂದಿನಿಂದ ನಾನು ಉಸಿರು ಗಮನಿಸುವುದು ಬಿಟ್ಟು ಅವನನ್ನೇ ಗಮನಿಸತೊಡಗಿದೆ. ಆ ಶಾಂತವಾದ ಮುಖ ನನ್ನ ಪಕ್ಕದಲ್ಲಿ ಯಾಕಿರುವುದಿಲ್ಲ? ತೋಟ ನೋಡಿಕೊಳ್ಳುವ ಪುಟ್ಟಗೌರಕ್ಕ ಒಂದು ದಿನ ನನ್ನ ಮಡಿಯ ಕಾಯೊಂದನ್ನು ಎತ್ತಿ ಹಿಡಿದರು. "ನೋಡ್ರವ್ವಾ, ಮದುವಣಗಿತ್ತಿ ಬೆಂಡೆಕಾಯಿ! ಬಲ್ತು ಸೌದೆ ಆಗೋಗದೆ. ಕಣ್ಣೇನೋ ತೆರ್ದೇ ಇತ್ತು, ಯಾರ್ ಮೇಲಿತ್ತೋ!" ತೋಟಕ್ಕೆ ತೋಟವೇ ನಕ್ಕಿತು. ಅವನೂ ನಕ್ಕ.

ನಮ್ಮಲ್ಲಿ 'ಅದಲುಕೂರು' ಎಂಬ ಪದ್ಧತಿಯಿದೆ. ಹೊಸ ಜೋಡಿ ಒಂದು ತಿಂಗಳು ಜಾಗ ಬದಲಿಸಿಕೊಂಡು ಕೂರಬೇಕು. ನಾನು ಕುಣಿದಾಡಿದೆ, ಅವನೂ ಮರವೂ ಅಂತೂ ಬೇರೆಯಾದರಲ್ಲ! ಮೊದಲ ದಿನ ನಿಮ್ಮ ಮರಕ್ಕೆ ಮುನಿಸಿನಿಂದಲೇ ಬೆನ್ನು ಕೊಟ್ಟು ಕಣ್ಣು ಮುಚ್ಚಿದೆ. ಒಂದು ಹೂ ತಲೆಯ ಮೇಲೆ ಬಿತ್ತು. ಇನ್ನೊಂದು ಅಂಗೈಗೆ. ಮತ್ತೊಂದಕ್ಕೆ ಕಾಯುತ್ತಾ ಕಾಯುತ್ತಾ ಅವನನ್ನು ನೋಡುವುದೇ ಮರೆತುಹೋಯಿತು. ಅಯ್ಯೋ, ಎಂಥ ಸುಖ ಅಮ್ಮಾ ಅದು! ಈಗ ಪ್ರತಿದಿನ ಅವನು "ಮರ ನನ್ನನ್ನ ಕೇಳಿತೇನೇ?" ಎನ್ನುತ್ತಾನೆ. "ಹೆಸರೇ ಎತ್ತಲಿಲ್ಲಪ್ಪಾ" ಎನ್ನುತ್ತೇನೆ. ಆದರೆ ನನಗೆ ಬಗ್ಗದ ಆ ಬೆಂಡೆ ಅವನಿಗೆ ಬುಟ್ಟಿ ತುಂಬ ಎಳೆಗಾಯಿ ಕೊಡುತ್ತಿದೆ. ಈಗ ಬೆಂಡೆಯ ಮೇಲೂ ಹೊಟ್ಟೆಕಿಚ್ಚು!

ನಾಳೆ ಅದಲುಕೂರು ಮುಗಿಯುತ್ತದೆ. ಮರ ಯಾರಿಗೆಂದು ನಾವೇ ಹೇಳಬೇಕು, ಹೇಳಿದ್ದು ಬಾಳಿಡೀ ನಿಲ್ಲುತ್ತದೆ. ಬಿಟ್ಟುಕೊಟ್ಟರೆ ಅವನ ಮೇಲೂ ಮರದ ಮೇಲೂ ಹೊಟ್ಟೆ ಉರಿಯುತ್ತದೆ. ಇಟ್ಟುಕೊಂಡರೆ ಬೆಂಡೆ ಮಡಿಯಿಂದ ಅವನು ನನ್ನನ್ನು ನೋಡುವ ನೋಟ ತಡೆಯಲಾರೆ. ಇಷ್ಟು ಮಣ್ಣು ಇಟ್ಟುಕೊಂಡು ಒಂದೇ ಗಿಡ ನೆಡುವ ನಿಮ್ಮನ್ನು ಕಂಡರೂ ಉರಿ!

ದಯವಿಟ್ಟು ಎರಡು ನೆಡಿ. ಒಂದರ ಬುಡದಲ್ಲಿ ಕುಳಿತವರು ಕೈ ಚಾಚಿದರೆ ಇನ್ನೊಂದರ ಬುಡದಲ್ಲಿ ಕುಳಿತವರ ಕೈ ಸಿಗುವಷ್ಟು ಹತ್ತಿರ. ನಾಳೆ ಬೆಳಿಗ್ಗೆ ನಾನು ಕಣ್ಣು ಮುಚ್ಚಿಕೊಂಡೇ ತೋಟಕ್ಕೆ ಇಳಿಯುತ್ತೇನೆ. ನೀವು ನೆಟ್ಟಿರುತ್ತೀರಿ ಎಂಬ ನಂಬಿಕೆಯಿಂದ ತೆರೆಯುತ್ತೇನೆ.

ನಿಮ್ಮ,
ಇಳಾ